ಫಂಕ್ಷನಲ್ ಪ್ರೋಗ್ರಾಮಿಂಗ್: ಮೊನಾಡ್ ಸದ್ಯಕ್ಕೆ ಬೇಡ

ಪ್ರಶ್ನೆ: ನಾನು ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಭಾಗದ ಮೊದಲ ವರ್ಷದ ವಿದ್ಯಾರ್ಥಿನಿ. ತರಗತಿಯಲ್ಲಿ ಸಿ ಮತ್ತು ಪೈಥಾನ್ ಕಲಿಸುತ್ತಾರೆ. ಸೀನಿಯರ್‌ಗಳ ಮಾತು ಕೇಳಿ, ಫಂಕ್ಷನ್‌ಗಳನ್ನೇ ಆಧರಿಸಿ ಪ್ರೋಗ್ರಾಂ ಬರೆಯುವ ಫಂಕ್ಷನಲ್ ಭಾಷೆಯಾದ ಹ್ಯಾಸ್ಕೆಲ್ ಆರಂಭಿಸಿದೆ. ಲೂಪ್ ಇಲ್ಲದೆ, ವೇರಿಯಬಲ್‌ನ ಬೆಲೆ ಬದಲಿಸದೆ ಪ್ರೋಗ್ರಾಂ ಬರೆಯುವುದು ಹೇಗೆಂದೇ ತಿಳಿಯುತ್ತಿಲ್ಲ. ಮೊನಾಡ್ ಅಧ್ಯಾಯದಲ್ಲಿ ಪೂರ್ತಿ ಸಿಕ್ಕಿಬಿದ್ದಿದ್ದೇನೆ. ಗಣಿತದಲ್ಲಿ ನಾನು ಸಾಧಾರಣ. ಇದನ್ನು ಈಗಲೇ ಕಲಿಯಬೇಕೆ? ಪ್ಲೇಸ್‌ಮೆಂಟ್‌ಗೆ ಉಪಯೋಗವಾಗುವುದೆ?
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಅವಶ್ಯವಾಗಿ ಕಲಿಯಿರಿ, ಆದರೆ ಮೊನಾಡ್ ಅಧ್ಯಾಯವನ್ನು, ಅಂದರೆ ಒಂದರ ನಂತರ ಒಂದು ನಡೆಯಬೇಕಾದ ಹಂತಗಳನ್ನು ಜೋಡಿಸುವ ವಿಧಾನದ ಪಾಠವನ್ನು, ಸದ್ಯಕ್ಕೆ ಬದಿಗಿಡಿ. ನಿಮ್ಮ ತೊಡಕು ಗಣಿತದ್ದಲ್ಲ, ಸಿ ಭಾಷೆಯಿಂದ ಬಂದ ರೂಢಿಯದು. ಸಿ ಭಾಷೆಯಲ್ಲಿ ‘ಎಕ್ಸ್ = ಎಕ್ಸ್ + 1’ ಎಂಬುದು, ಎಕ್ಸ್‌ನಲ್ಲಿರುವ ಹಳೆಯ ಬೆಲೆಗೆ ಒಂದನ್ನು ಕೂಡಿಸಿ ಅಲ್ಲಿಯೇ ಇಡು ಎಂಬ ಆಜ್ಞೆ; ಹ್ಯಾಸ್ಕೆಲ್‌ನಲ್ಲಿ ಅದು ಶಾಲೆಯ ಬೀಜಗಣಿತದಲ್ಲಿದ್ದಂತೆ ಒಂದು ಸಮೀಕರಣ. ಹ್ಯಾಸ್ಕೆಲ್ ಸಾಲು ಬರೆದ ಕೂಡಲೇ ನಡೆಸಿ ತೋರಿಸುವ ಜಿಎಚ್‌ಸಿಐಯಲ್ಲಿ ಬರೆದು ನೋಡಿ. ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಎಕ್ಸ್‌ನ ಬೆಲೆ ಕೇಳಿದಾಗ ಮಾತ್ರ ಉತ್ತರ ಬರುವುದೇ ಇಲ್ಲ, ಏಕೆಂದರೆ ಎಕ್ಸ್ ತಿಳಿಯಲು ಮೊದಲು ಎಕ್ಸ್ ತಿಳಿದಿರಬೇಕು. (ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ.)

ಇನ್ನು ಲೂಪ್‌ನ ಮಾತು. ಒಂದು ದಿನದ ಖರ್ಚಿನ ಪಟ್ಟಿಯಲ್ಲಿ ರಿಕ್ಷಾಗೆ 40, ವಡಾಪಾವ್‌ಗೆ 25, ಝೆರಾಕ್ಸ್‌ಗೆ 60 ರೂಪಾಯಿ ಇದೆಯೆನ್ನಿ. ಮೊತ್ತವನ್ನು ಹೇಗೆ ಲೆಕ್ಕ ಹಾಕಬೇಕೆಂದು ಹೇಳುವ ಬದಲು ಮೊತ್ತವೆಂದರೆ ಏನೆಂದು ಹೇಳಿ: ಖಾಲಿ ಪಟ್ಟಿಯ ಮೊತ್ತ ಸೊನ್ನೆ, ಖಾಲಿಯಲ್ಲದ ಪಟ್ಟಿಯ ಮೊತ್ತವೆಂದರೆ, ಅದರ ಮೊದಲ ಸಂಖ್ಯೆಗೆ ಉಳಿದ ಪಟ್ಟಿಯ ಮೊತ್ತವನ್ನು ಕೂಡಿಸಿದಾಗ ಬರುವುದು. ಕಾಗದದ ಮೇಲೆ ಬಿಡಿಸಿದರೆ ಇದು 40 + (25 + (60 + 0)) ಆಗುತ್ತದೆ. ಒಳಗಿನ ಆವರಣದಿಂದ ಹೊರಬರುತ್ತ 60, 85, 125. ಈಗ ಕೂಡಿಸುವ ಚಿಹ್ನೆಯ ಜಾಗದಲ್ಲಿ ಗುಣಾಕಾರವನ್ನೂ ಸೊನ್ನೆಯ ಜಾಗದಲ್ಲಿ ಒಂದನ್ನೂ ಇಡಿ. ಗುಣಲಬ್ಧ ಸಿಗುತ್ತದೆ, ಉಳಿದ ರಚನೆ ಒಂದಿಷ್ಟೂ ಬದಲಾಗುವುದಿಲ್ಲ. ಆ ಸಮಾನ ರಚನೆಯನ್ನು ಬೇರ್ಪಡಿಸಿ, ಬದಲಾಗುವ ಭಾಗಗಳನ್ನು ಹೊರಗಿನಿಂದ ಕೊಡುವಂತೆ ಮಾಡಿದರೆ ಅದೇ ಫೋಲ್ಡ್. ಒಂದು ಫಂಕ್ಷನ್‌ಗೆ ಇನ್ನೊಂದು ಫಂಕ್ಷನ್ನನ್ನೇ ಆರ್ಗ್ಯುಮೆಂಟ್ ಆಗಿ ಕೊಡುವ ಅಗತ್ಯ ಇಲ್ಲಿ ತಾನಾಗಿಯೇ ಮೂಡುತ್ತದೆ. ವ್ಯಾಖ್ಯೆ ಬಾಯಿಪಾಠ ಮಾಡಿ ಇದನ್ನು ಅರಿತವರನ್ನು ನಾನು ಕಂಡಿಲ್ಲ.

ಇದನ್ನೇ ಪೈಥಾನ್‌ನಲ್ಲಿಯೂ ಬರೆಯಬಹುದು, ಆದರೆ ಅಲ್ಲಿ ರಿಕರ್ಶನ್‌ನ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದರ) ಮಿತಿ ಸಾಮಾನ್ಯವಾಗಿ 1000 ಇರುವುದರಿಂದ ಉದ್ದದ ಪಟ್ಟಿ ಕೊಟ್ಟರೆ ಎರರ್ ಬರುತ್ತದೆ. ತಪ್ಪು ನಿಮ್ಮದೆಂದು ಗಾಬರಿಯಾಗಬೇಡಿ.

ಕಾಲೇಜಿನ ಲ್ಯಾಬ್‌ನಲ್ಲಿ ಇಂದಿನಿಂದಲೇ ರೂಢಿಸಿಕೊಳ್ಳಬಹುದಾದ ಕ್ರಮವೆಂದರೆ, ಲೆಕ್ಕ ಮಾಡುವ ಫಂಕ್ಷನ್‌ನೊಳಗೆ ಪ್ರಿಂಟ್ ಅಥವಾ ಇನ್‌ಪುಟ್ ಬರೆಯದಿರುವುದು. ಅಂಕಗಳ ಸರಾಸರಿಯನ್ನು ಫಂಕ್ಷನ್ ರಿಟರ್ನ್ ಮಾಡಲಿ, ತೋರಿಸುವ ಕೆಲಸ ಹೊರಗೆ ನಡೆಯಲಿ. ಆಗ ಅದೇ ಇನ್‌ಪುಟ್‌ಗೆ ಯಾವಾಗಲೂ ಅದೇ ಉತ್ತರ ಬರುವುದರಿಂದ ಪರೀಕ್ಷಿಸುವುದು ಸುಲಭ. ಹ್ಯಾಸ್ಕೆಲ್ ಈ ಬೇರ್ಪಡಿಕೆಯನ್ನು ಕಡ್ಡಾಯ ಮಾಡುತ್ತದೆ, ಮತ್ತು ನಿಮಗೆ ಮೊನಾಡ್ ಮೊದಲು ಎದುರಾಗುವುದು ಆ ಇನ್‌ಪುಟ್-ಔಟ್‌ಪುಟ್‌ನ ಗಡಿಯಲ್ಲಿಯೇ. ಜಿಎಚ್‌ಸಿಐ ತಾನೇ ಉತ್ತರ ತೋರಿಸುವುದರಿಂದ ಮೊದಲ ಕೆಲವು ತಿಂಗಳು ಆ ಗಡಿಯ ಬಳಿ ನೀವು ಹೋಗಬೇಕಿಲ್ಲ.

ಗಣಿತದ ಭಯವೂ ಬೇಡ. ಇದಕ್ಕೆಲ್ಲ ಬುನಾದಿಯಾದ, 1930ರ ದಶಕದಲ್ಲಿ ಗಣಿತಜ್ಞ ಅಲೊಂಜೊ ಚರ್ಚ್ ರೂಪಿಸಿದ, ಫಂಕ್ಷನ್‌ಗಳಿಂದಲೇ ಲೆಕ್ಕ ಮಾಡುವ ಲ್ಯಾಂಬ್ಡಾ ಕ್ಯಾಲ್ಕ್ಯುಲಸ್‌ನಲ್ಲಿ ಇಂಟಿಗ್ರೇಶನ್ ಬರುವುದಿಲ್ಲ.

ಪ್ಲೇಸ್‌ಮೆಂಟ್ ವಿಷಯದಲ್ಲಿ ನೇರವಾಗಿ ಹೇಳುವುದಾದರೆ, ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯಲ್ಲಾಗಲಿ ಮುಂಬಯಿಯಲ್ಲಾಗಲಿ ಹ್ಯಾಸ್ಕೆಲ್ ಬಲ್ಲವರೇ ಬೇಕೆನ್ನುವ ಕೆಲಸಗಳು ವಿರಳ. ಆದರೆ 2014ರಲ್ಲಿ ಬಂದ ಜಾವಾ 8 ಈ ಶೈಲಿಯ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಮತ್ತು ಸ್ಟ್ರೀಮ್‌ಗಳನ್ನು ಸೇರಿಸಿಕೊಂಡಿತು. ಬೃಹತ್ ದತ್ತಾಂಶ ಸಂಸ್ಕರಿಸುವ ಸ್ಪಾರ್ಕ್ ಎಂಬ ಸಾಧನ, ಫಂಕ್ಷನಲ್ ಶೈಲಿಗೆ ಒಗ್ಗುವ ಸ್ಕಾಲಾ ಭಾಷೆಯಲ್ಲಿ ಬರೆದದ್ದು. ಮ್ಯಾಪ್ (ಪಟ್ಟಿಯ ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಅನ್ವಯಿಸುವುದು), ಫಿಲ್ಟರ್ (ಬೇಕಾದ ಅಂಶಗಳನ್ನಷ್ಟೇ ಆರಿಸುವುದು), ಫೋಲ್ಡ್ ಕೈವಶವಾಗಿದ್ದರೆ ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬಹುಮಟ್ಟಿಗೆ ಹೆಸರುಗಳಷ್ಟೇ.

ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಅಧ್ಯಾಪಕರು ನಡೆಸಿದ ಹ್ಯಾಸ್ಕೆಲ್ ಪಾಠಗಳ ವಿಡಿಯೊಗಳಿವೆ. ಪಟ್ಟಿಗಳ ಪಾಠ ಬಂದಾಗ ವಿಡಿಯೊ ನಿಲ್ಲಿಸಿ, ಉದ್ದ ಅಳೆಯುವ, ಕ್ರಮವನ್ನು ಹಿಂದುಮುಂದಾಗಿಸುವ, ಎರಡು ಪಟ್ಟಿಗಳನ್ನು ಜೋಡಿಸುವ ಫಂಕ್ಷನ್‌ಗಳನ್ನು ನೀವೇ ಬರೆದ ನಂತರ ಮುಂದುವರಿಯಿರಿ.