ಕೆಲಸದ ಊರಿನಲ್ಲಿ ಆರ್‌ವಿ ವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ಕಡೆಯವನು. ಬಹಳ ವರ್ಷಗಳಿಂದ ಹ್ಯೂಸ್ಟನ್ನಿನಲ್ಲಿದ್ದೇನೆ, ಈಗ ಅಮೆರಿಕದ ಪ್ರಜೆ. ವಿದ್ಯುತ್ ಉಪಕೇಂದ್ರಗಳ ರಿಲೇಗಳನ್ನು ಪರೀಕ್ಷಿಸಿ ಚಾಲನೆಗೆ ತರುವುದು ನನ್ನ ಉದ್ಯೋಗ. ಕಚೇರಿಯೂ ಸಂಸಾರವೂ ಹ್ಯೂಸ್ಟನ್ನಿನಲ್ಲಿವೆ. ಆದರೆ ಪಶ್ಚಿಮ ಟೆಕ್ಸಾಸಿನ ಮಿಡ್‌ಲ್ಯಾಂಡ್, ಒಡೆಸ್ಸಾ, ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಸುತ್ತಮುತ್ತ ಎರಡು ಮೂರು ತಿಂಗಳ ಕೆಲಸಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಕಂಪನಿ ದಿನಭತ್ಯೆ ಕೊಡುತ್ತದೆ. ತೈಲದ ಭರಾಟೆ ಏರಿದಾಗ ಅಲ್ಲಿ ಹೋಟೆಲು ಬಲು ದುಬಾರಿ, ಸಸ್ಯಾಹಾರಿಗೆ ಊಟದ ಕಷ್ಟ ಬೇರೆ. ಆರ್‌ವಿಯೊಂದನ್ನು (ಮಲಗಲು, ಅಡುಗೆಗೆ ಅನುಕೂಲವಿರುವ ಮನೆಗಾಡಿ) ಕೊಂಡು ಅಲ್ಲಿಯೇ ನಿಲ್ಲಿಸಿ, ವಾರಾಂತ್ಯಕ್ಕೆ ವಿಮಾನದಲ್ಲಿ ಮನೆಗೆ ಬರುವುದು ಜಾಣತನವೇ? ಯಾವ ಬಗೆಯದನ್ನು ಕೊಳ್ಳಬೇಕು?

ಉತ್ತರ: ನಿಮ್ಮ ಕೆಲಸದ ಸ್ವರೂಪಕ್ಕೆ ಇದು ಹೊಂದುತ್ತದೆ, ಏಕೆಂದರೆ ನೀವು ಒಂದು ಕಡೆ ತಿಂಗಳುಗಟ್ಟಲೆ ನಿಲ್ಲುವವರು. ಆರ್‌ವಿಯಲ್ಲಿ ಹಣ ಉಳಿಯುವುದು ಅದು ನಿಂತಿರುವಾಗ ಮಾತ್ರ; ಎಳೆದಾಡಲು ಹೊರಟರೆ ಇಂಧನ, ಟೈರು, ರಿಪೇರಿ ಮತ್ತು ಕಳೆದುಹೋಗುವ ದಿನಗಳೇ ಉಳಿತಾಯವನ್ನು ನುಂಗುತ್ತವೆ. ವಾರಕ್ಕೊಂದು ಊರು ಸುತ್ತುವ ಸೇಲ್ಸ್ ಉದ್ಯೋಗಿ ಇದೇ ಪ್ರಶ್ನೆ ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದೆವು. ಆದ್ದರಿಂದ ಯಾವ ಗಾಡಿ ಎಂಬುದಕ್ಕಿಂತ ಮೊದಲು ಎಲ್ಲಿ ನಿಲ್ಲಿಸುವುದು ಎಂಬುದನ್ನು ಗೊತ್ತುಮಾಡಿಕೊಳ್ಳಿ.

ನೀವು ಹೇಳಿದ ಊರುಗಳಿರುವ ಪರ್ಮಿಯನ್ ತೈಲಪ್ರದೇಶದ ಆರ್‌ವಿ ಪಾರ್ಕುಗಳಲ್ಲಿ, ಅಂದರೆ ಇಂಥ ಗಾಡಿಗಳನ್ನು ಬಾಡಿಗೆಗೆ ನಿಲ್ಲಿಸುವ ತಾಣಗಳಲ್ಲಿ, ಪ್ರವಾಸಿಗರಿಗಿಂತ ತೈಲಬಾವಿಗಳ ಕೆಲಸಗಾರರೇ ಹೆಚ್ಚು. ತೈಲದ ಬೆಲೆ ಏರಿದಾಗ ಹೋಟೆಲುಗಳ ಜೊತೆಗೆ ಈ ಪಾರ್ಕುಗಳೂ ತುಂಬುವುದರಿಂದ, ಜಾಗವನ್ನು ಮಾತಾಡಿಕೊಳ್ಳದೆ ಗಾಡಿಯನ್ನು ಕೊಳ್ಳಬೇಡಿ. ದಿನದ ದರಕ್ಕಿಂತ ತಿಂಗಳ ದರ ಬಹಳ ಅಗ್ಗ, ಆದರೆ ತಿಂಗಳ ಬಾಡಿಗೆಯಲ್ಲಿ ವಿದ್ಯುತ್ತಿಗೆ ಸಾಮಾನ್ಯವಾಗಿ ಪ್ರತ್ಯೇಕ ಮೀಟರು ಇರುತ್ತದೆ, ಬೇಸಿಗೆಯಲ್ಲಿ ಅದರ ಬಿಲ್ಲು ಸಣ್ಣದಾಗಿರುವುದಿಲ್ಲ. ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಒಳಗೆ ಬಿಡದ ಪಾರ್ಕುಗಳೂ ಉಂಟು. ವಾಲ್‌ಮಾರ್ಟ್ ಅಂಗಳದಲ್ಲಿ ರಾತ್ರಿ ತಂಗಲು ಆಯಾ ಅಂಗಡಿಯ ಮ್ಯಾನೇಜರರ ಒಪ್ಪಿಗೆ ಬೇಕು, ಊರಿನ ನಿಯಮವೂ ಅಡ್ಡಬರಬಾರದು. ಟೆಕ್ಸಾಸಿನ ಹೆದ್ದಾರಿ ವಿಶ್ರಾಂತಿ ತಾಣಗಳಲ್ಲಿ 24 ಗಂಟೆಯ ಮಿತಿಯಿದೆ. ಕಾರ್ಲ್ಸ್‌ಬ್ಯಾಡ್ ಸುತ್ತ ಫೆಡರಲ್ ಭೂನಿರ್ವಹಣಾ ಬ್ಯೂರೋದ ಬಯಲು ಸಾಕಷ್ಟಿದೆ; ಇಂಥ ಜಾಗಗಳಲ್ಲಿ ಸಾಮಾನ್ಯ ನಿಯಮ 28 ದಿನಗಳ ಅವಧಿಯಲ್ಲಿ 14 ದಿನ, ಅದೂ ನೀರು, ವಿದ್ಯುತ್ತು ಇಲ್ಲದೆ. ಇವೆಲ್ಲ ದಾರಿಯ ಒಂದು ರಾತ್ರಿಗೋ ರಜೆಗೋ ಸರಿ, ಬೆಳಿಗ್ಗೆ ಆರಕ್ಕೆ ಉಪಕೇಂದ್ರದಲ್ಲಿ ಹಾಜರಿರಬೇಕಾದವರಿಗೆ ಅಲ್ಲ.

ಇನ್ನು ಗಾಡಿಯ ವಿಚಾರ. ಎಂಜಿನ್ನಿರುವ ಮೋಟರ್‌ಹೋಮ್ ಕೊಂಡರೆ ದಿನವೂ ಕೆಲಸಕ್ಕೆ ಹೋಗಿಬರಲು ಮತ್ತೊಂದು ವಾಹನ ಬೇಕಾಗುತ್ತದೆ. ಪಿಕಪ್ಪಿಗೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೇಲರ್ ಆದರೆ ಅದನ್ನು ಪಾರ್ಕಿನಲ್ಲಿ ಬಿಟ್ಟು ಪಿಕಪ್ಪಿನಲ್ಲೇ ಓಡಾಡಬಹುದು, ಆದ್ದರಿಂದ ನಿಮಗೆ ಟ್ರೇಲರೇ ಸೂಕ್ತ. ಮಾರಾಟಗಾರರು ಹೇಳುವ ಎಳೆಯುವ ಶಕ್ತಿಯ ಅಂಕಿಯೊಂದನ್ನೇ ನಂಬದೆ, ಪಿಕಪ್ಪಿನ ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಪೇಲೋಡ್, ಅಂದರೆ ಪಿಕಪ್ಪು ತನ್ನ ಮೇಲೆ ಹೊರಬಲ್ಲ ಭಾರ, ಎಷ್ಟೆಂದು ಓದಿ. ಟ್ರೇಲರಿನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರುತ್ತದೆ. ಅಂದರೆ ಸಾಮಾನು ತುಂಬಿದ 6,500 ಪೌಂಡಿನ ಟ್ರೇಲರು 650ರಿಂದ 975 ಪೌಂಡಿನಷ್ಟು ಭಾರವನ್ನು ಪಿಕಪ್ಪಿನ ಮೇಲೆ ಹೊರಿಸುತ್ತದೆ. ನೀವು, ನಿಮ್ಮ ಪರೀಕ್ಷಾ ಉಪಕರಣಗಳು, ಕೊಂಡಿಯ ಸಲಕರಣೆ ಎಲ್ಲವೂ ಉಳಿದ ಲೆಕ್ಕದಲ್ಲಿ ಹಿಡಿಯಬೇಕು. ಪಿಕಪ್ಪು ಕಂಪನಿಯದಾಗಿದ್ದರೆ ಬರಹದಲ್ಲಿ ಅನುಮತಿ ಪಡೆಯದೆ ನಿಮ್ಮ ಟ್ರೇಲರನ್ನು ಅದಕ್ಕೆ ಕಟ್ಟಬೇಡಿ. ಹೊಸ ಟ್ರೇಲರಿನ ಬೆಲೆ ಮೊದಲ ವರ್ಷದಲ್ಲೇ ಬಹಳ ಇಳಿಯುವುದರಿಂದ ನಾಲ್ಕೈದು ವರ್ಷ ಹಳೆಯದೇ ಲೇಸು, ಆದರೆ ಟೈರಿನ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ನೋಡಿಕೊಳ್ಳಿ. ಟ್ರೇಲರಿನ ಟೈರು ಸವೆಯುವ ಮೊದಲೇ ಬಿಸಿಲಿಗೆ ಹಳತಾಗುತ್ತದೆ.

ಅಡುಗೆಗೆಂದೇ ಆರ್‌ವಿ ಬಯಸುವ ನಮ್ಮವರು ವಿದ್ಯುತ್ ಸಂಪರ್ಕದ ಲೆಕ್ಕವನ್ನು ಮೊದಲೇ ಹಾಕಬೇಕು. 30 ಆಂಪಿಯರ್ ಸಂಪರ್ಕದಲ್ಲಿ 120 ವೋಲ್ಟಿಗೆ ದೊರೆಯುವುದು ಹೆಚ್ಚೆಂದರೆ 3,600 ವಾಟ್. ಏಸಿ ಓಡುತ್ತಿರುವಾಗ 1,800 ವಾಟಿನ ಇಂಡಕ್ಷನ್ ಒಲೆಯ ಮೇಲೆ ಕುಕ್ಕರ್ ಇಟ್ಟು, ನೀರಿನ ಹೀಟರನ್ನೂ ವಿದ್ಯುತ್ತಿನಲ್ಲಿ ಹಾಕಿದರೆ ಬ್ರೇಕರ್ ಬೀಳುವುದು ಖಚಿತ ಎಂದು ನಿಮ್ಮಂಥವರಿಗೆ ಹೇಳಬೇಕಾಗಿಲ್ಲ. 50 ಆಂಪಿಯರ್ ಸಂಪರ್ಕದಲ್ಲಿ 120 ವೋಲ್ಟಿನ ಎರಡು ತಂತಿಗಳು ಸೇರಿ 12,000 ವಾಟ್ ದೊರೆಯುತ್ತದೆ. ಬೇಸಿಗೆಯಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಆ ಸೀಮೆಯಲ್ಲಿ ಎರಡು ಏಸಿಗಳಿರುವ 50 ಆಂಪಿಯರಿನ ಟ್ರೇಲರಿಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಲ್ಲ. ಒಗ್ಗರಣೆಯ ಎಣ್ಣೆ, ಅನ್ನದ ಗಂಜಿಗಳನ್ನು ಸಿಂಕಿಗೆ ಸುರಿಯಬೇಡಿ, ಬೂದುನೀರಿನ (ಸಿಂಕು, ಸ್ನಾನದ ಕೊಳೆನೀರಿನ) ಟ್ಯಾಂಕಿನ ದುರ್ವಾಸನೆಗೆ ಅವೇ ಮೂಲ. ಶೌಚದ ಟ್ಯಾಂಕಿನ ಕವಾಟವನ್ನು ಚರಂಡಿಗೆ ಜೋಡಿಸಿದ್ದೇವೆಂದು ಸದಾ ತೆರೆದಿಡುವುದೂ ತಪ್ಪು. ನೀರೆಲ್ಲ ಹರಿದುಹೋಗಿ ಮಲ ಗಟ್ಟಿಯಾಗಿ ನಿಲ್ಲುತ್ತದೆ. ಮುಕ್ಕಾಲು ಪಾಲು ತುಂಬುವವರೆಗೆ ಮುಚ್ಚಿಟ್ಟು, ಒಮ್ಮೆಗೇ ಖಾಲಿ ಮಾಡಿ, ಆಮೇಲೆ ಬೂದುನೀರನ್ನು ಬಿಟ್ಟರೆ ಕೊಳವೆಯೂ ತೊಳೆದಂತಾಗುತ್ತದೆ. ಶುಕ್ರವಾರ ವಿಮಾನ ಹತ್ತುವ ಮೊದಲು ಪಾರ್ಕಿನ ನೀರಿನ ನಲ್ಲಿಯನ್ನೂ ಪ್ರೊಪೇನ್ ಸಿಲಿಂಡರನ್ನೂ ಮುಚ್ಚುವ ಅಭ್ಯಾಸವಿರಲಿ.

ತೆರಿಗೆಯ ಮಾತಿಗೆ ಬಂದರೆ, ದಿನಭತ್ಯೆ ಫೆಡರಲ್ ದರದೊಳಗಿದ್ದು, ದಿನ, ಸ್ಥಳ ಮತ್ತು ಕೆಲಸದ ಉದ್ದೇಶವನ್ನು ನೀವು ಕಂಪನಿಗೆ ಸರಿಯಾಗಿ ಒಪ್ಪಿಸುತ್ತಿದ್ದರೆ ಆ ಹಣಕ್ಕೆ ತೆರಿಗೆಯಿಲ್ಲ. ಆದರೆ ನಿಮ್ಮ ಕಂಪನಿ ಹೋಟೆಲಿನ ರಸೀದಿಯನ್ನೇ ಕೇಳುವುದಾದರೆ ಇಡೀ ಲೆಕ್ಕಾಚಾರ ಬಿದ್ದುಹೋಗುತ್ತದೆ, ಇದನ್ನು ಮುಂಗಡ ಕೊಡುವ ಮೊದಲೇ ಕೇಳಿ. ಒಂದೇ ಕಡೆಯ ಕೆಲಸ ಒಂದು ವರ್ಷ ಮೀರುವ ನಿರೀಕ್ಷೆಯಿದ್ದರೆ ಅದನ್ನು ತಾತ್ಕಾಲಿಕವೆಂದು ತೆರಿಗೆ ಇಲಾಖೆ ಒಪ್ಪುವುದಿಲ್ಲ. ತೆರಿಗೆಯ ದೃಷ್ಟಿಯಲ್ಲಿ ನಿಮ್ಮ ನೆಲೆ ಎಂದರೆ ಮುಖ್ಯ ಕೆಲಸದ ಸ್ಥಳ, ಸಂಸಾರವಿರುವ ಮನೆಯಲ್ಲ. ನೀವು ಮಿಡ್‌ಲ್ಯಾಂಡ್ ಸೀಮೆಗೇ ಮತ್ತೆ ಮತ್ತೆ ಹೋಗುತ್ತಿರುವುದರಿಂದ ನಿಮ್ಮ ನೆಲೆಯೇ ಅಲ್ಲಿಗೆ ಸರಿದಿದೆ ಎಂಬ ವಾದಕ್ಕೆ ಎಡೆಯಿದೆ, ಹ್ಯೂಸ್ಟನ್ ಕಚೇರಿಯಲ್ಲಿ ಕೆಲಸ ಮಾಡಿದ ದಿನಗಳ ದಾಖಲೆಯನ್ನಿಟ್ಟುಕೊಂಡು ಸಿಪಿಎ (ಅಮೆರಿಕದ ಪರವಾನಗಿ ಪಡೆದ ಲೆಕ್ಕಪರಿಶೋಧಕ) ಒಬ್ಬರನ್ನು ಕಾಣಿ. ಆರ್‌ವಿಯ ಖರ್ಚನ್ನು ಸಂಬಳದಿಂದ ಕಳೆಯಬಹುದೆಂಬ ಆಸೆ ಬೇಡ. ನೌಕರರ ಇಂಥ ಕಡಿತಗಳು 2018ರಿಂದ ನಿಂತುಹೋಗಿವೆ. ವಿಮೆಯವರಿಗೂ ವರ್ಷದಲ್ಲಿ ಎಷ್ಟು ತಿಂಗಳು ಅದರಲ್ಲಿ ವಾಸಿಸುತ್ತೀರೆಂದು ನಿಜವನ್ನೇ ಹೇಳಿ, ಏಕೆಂದರೆ ಸಾಮಾನ್ಯ ಆರ್‌ವಿ ವಿಮೆ ವಿಹಾರದ ಬಳಕೆಗೆಂದು ಬರೆದದ್ದು.

ಹಾಗೆಂದು ಹೋಟೆಲನ್ನು ಪೂರ್ತಿ ತಳ್ಳಿಹಾಕಬೇಡಿ. ಟೆಕ್ಸಾಸಿನಲ್ಲಿ ಕನಿಷ್ಠ 30 ದಿನ ಸತತವಾಗಿ ಹೋಟೆಲಿನಲ್ಲಿ ಉಳಿಯುವುದಾಗಿ ಮೊದಲೇ ಬರೆದುಕೊಟ್ಟರೆ ಶೇಕಡಾ 6ರ ರಾಜ್ಯ ಹೋಟೆಲ್ ತೆರಿಗೆಯಿಂದ ವಿನಾಯಿತಿ ಇದೆ. ಅಡುಗೆಮನೆಯಿರುವ ದೀರ್ಘವಾಸದ ಹೋಟೆಲಿನ ತಿಂಗಳ ದರವನ್ನೂ ಒಮ್ಮೆ ವಿಚಾರಿಸಿ, ಅದನ್ನೂ ಆರ್‌ವಿಯ ಖರ್ಚನ್ನೂ ತೂಗಿ ನೋಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲಿದ್ದೇನೆ, ಪೂರ್ತಿ ಮನೆಯಿಂದಲೇ ಕೆಲಸ. ಆರು ತಿಂಗಳು ಆರ್‌ವಿಯಲ್ಲಿ ಪಶ್ಚಿಮದ ರಾಜ್ಯಗಳನ್ನು ಸುತ್ತುತ್ತ ಕೆಲಸ ಮುಂದುವರಿಸಬಹುದೇ?

ಉತ್ತರ: ಬೇಡ. ನಿಮ್ಮ ಅರ್ಜಿಯಲ್ಲಿ ತೋರಿಸಿರುವ ಕೆಲಸದ ಸ್ಥಳ ನಿಮ್ಮ ಮನೆಯೇ ಆಗಿದ್ದರೆ, ಆ ಮಹಾನಗರ ಪ್ರದೇಶದ ಆಚೆಗೆ ಕೆಲಸ ಸ್ಥಳಾಂತರವಾದಾಗ ತಿದ್ದುಪಡಿ ಅರ್ಜಿ ಸಲ್ಲಿಸಬೇಕೆಂಬುದು ವಲಸೆ ಇಲಾಖೆಯ ಮೇಲ್ಮನವಿ ಕಚೇರಿಯ 2015ರ ಸಿಮಿಯೊ ತೀರ್ಮಾನದಿಂದ ಸ್ಪಷ್ಟವಾಗಿದೆ. ವರ್ಷಕ್ಕೆ 30 ಅಥವಾ 60 ಕೆಲಸದ ದಿನಗಳ ರಿಯಾಯಿತಿಯೊಂದಿದೆ ಎಂದು ಗೆಳೆಯರು ಹೇಳಬಹುದು, ಅದು ಉದ್ಯೋಗದಾತರೇ ಕಳುಹಿಸಿ ವಸತಿ, ಪ್ರಯಾಣದ ವೆಚ್ಚ ಭರಿಸುವ ನಿಯೋಜನೆಗೆ ಸಂಬಂಧಿಸಿದ್ದು. ಮನೆ ಬದಲಿಸಿದವರು 10 ದಿನಗಳೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕೆಂಬ ನಿಯಮವೂ ಇದೆ. ರಜೆ ಹಾಕಿ ಸುತ್ತಾಡಿ ಬನ್ನಿ, ಆಗ ಈ ತೊಡಕಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ರಸ್ತೆ ಕಾಮಗಾರಿಯ ಗುತ್ತಿಗೆದಾರನಾಗಿದ್ದೇನೆ. ಹಳೆಯ ಟೆಂಪೊ ಟ್ರಾವೆಲರನ್ನು ಮಲಗುವ, ಅಡುಗೆ ಮಾಡುವ ಗಾಡಿಯಾಗಿ ಮಾರ್ಪಡಿಸಿ ಸೈಟಿನಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಗ್ಯಾರೇಜಿಗೆ ಬಿಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪಡೆದು, ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಇಲ್ಲವಾದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ನೀರು, ವಿದ್ಯುತ್ತು, ಚರಂಡಿ ಮೂರನ್ನೂ ಜೋಡಿಸಿಕೊಡುವ ಪಾರ್ಕುಗಳು ನಮ್ಮಲ್ಲಿ ಅಪರೂಪವಾದ್ದರಿಂದ ಶೌಚದ ವ್ಯವಸ್ಥೆಯನ್ನು ಸೈಟಿನಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ಸೈಟು ಆರು ತಿಂಗಳು ಒಂದೇ ಕಡೆ ಇರುವುದಾದರೆ, ಲಾರಿಯ ಮೇಲೆ ತಂದಿಳಿಸುವ ಬಾಡಿಗೆ ಕಂಟೇನರ್ ಕೊಠಡಿಯೇ ನಿಮಗೆ ಅಗ್ಗವೂ ಕಡಿಮೆ ರಗಳೆಯದೂ ಆಗುತ್ತದೆ.