ಓದುಗರ ಪ್ರಶ್ನೆ, ನಮ್ಮ ಉತ್ತರ: ಬೈಕು, ಕಬ್ಬಿನ ಹಂಗಾಮು ಮತ್ತು ರಾತ್ರಿಯ ರಸ್ತೆ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. 350 ಸಿಸಿ ಬೈಕೇ ಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಓಣಿಯ ಹುಡುಗನೊಬ್ಬ ಕಳೆದ ವರ್ಷ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ನನಗೆ ಬೈಕಿನ ಸದ್ದು ಕೇಳಿದರೂ ಎದೆ ನಡುಗುತ್ತದೆ. ಬೇಡವೆಂದರೆ ಮಗ ಮಾತು ಬಿಡುತ್ತಾನೆ. ಏನು ಮಾಡಲಿ? (ಓದುಗರು, ಮುಧೋಳ)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಆದರೆ ಮಗನ ಆಸೆಯೂ ಬರೀ ಶೋಕಿಯಲ್ಲ. ಚಳಿಗಾಲದ ಬೆಳಗಿನಲ್ಲಿ ಬಾದಾಮಿಯಿಂದ ಪಟ್ಟದಕಲ್ಲು, ಅಲ್ಲಿಂದ ಐಹೊಳೆಯವರೆಗೆ ಬೈಕಿನಲ್ಲಿ ಹೋದವರಿಗೆ ಆ ಸುಖ ಗೊತ್ತು. ನಿಮ್ಮ ಮುಧೋಳ, ಮಹಾಲಿಂಗಪುರದ ಕಡೆಯ ಆಲೆಮನೆಗಳು ಬೈಕ್ ಸವಾರನ ಕಣ್ಣಿಗೆ ಬೀಳುವ ಮೊದಲೇ ಕಾಯುವ ಬೆಲ್ಲದ ವಾಸನೆಯಿಂದ ತಿಳಿಯುತ್ತವೆ. ಕಾಲುವೆ ದಾಟುವಾಗ ಗಾಳಿ ತಣ್ಣಗಾಗುವುದು ಮೈಗೆ ತಾಕುತ್ತದೆ. ಕಾರಿನ ಗಾಜಿನೊಳಗೆ ಕೂತವರಿಗೆ ಇದು ಸಿಗುವುದಿಲ್ಲ. ಆದ್ದರಿಂದ ಕೊಡಿಸಬೇಡಿ ಎಂದು ನಾವು ಹೇಳುವುದಿಲ್ಲ. ಯಾವುದನ್ನು, ಯಾವ ಷರತ್ತಿನ ಮೇಲೆ ಎಂಬುದನ್ನು ಹೇಳುತ್ತೇವೆ.

ಹೊಸದಾಗಿ ಬೈಕ್ ಹಿಡಿಯುವವನಿಗೆ 350 ಸಿಸಿ ಬೈಕಿನ ತೊಂದರೆ ವೇಗಕ್ಕಿಂತ ಅದರ ಭಾರದಲ್ಲಿದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೊ ತೂಗುತ್ತದೆ, ಹೀರೊ ಸ್ಪ್ಲೆಂಡರ್ 112 ಕಿಲೊ ಆಸುಪಾಸಿನಲ್ಲಿದೆ. ಮರಳು ಬಿದ್ದ ತಿರುವಿನಲ್ಲೋ ಸಂತೆಯ ಗದ್ದಲದಲ್ಲೋ ನಿಧಾನಕ್ಕೆ ಹೋಗುವಾಗ ಆ ಭಾರ ಒಂದು ಕಡೆ ವಾಲಿತೆಂದರೆ ಅನುಭವವಿಲ್ಲದ ಕೈ ಅದನ್ನು ತಡೆಯಲಾರದು. ಹಾಗೆಂದು ತೀರಾ ಚಿಕ್ಕ ಬೈಕೇ ಸುರಕ್ಷಿತವೆಂದೂ ಅಲ್ಲ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಇದ್ದರೆ ಸಾಕಿತ್ತು. ಗಾಬರಿಯಲ್ಲಿ ಬ್ರೇಕ್ ಅದುಮಿದಾಗ ಗಾಲಿ ಪೂರ್ತಿ ಲಾಕ್ ಆಗಿ ಜಾರದಂತೆ ನೋಡಿಕೊಳ್ಳುವುದು ಎಬಿಎಸ್‌ನ ಕೆಲಸ. ಎಳೆಯ ಸವಾರನ ಜೀವ ಉಳಿಸುವುದು ಇದೇ. ಆದ್ದರಿಂದ 150ರಿಂದ 160 ಸಿಸಿಯೊಳಗಿನ, ಎಬಿಎಸ್ ಇರುವ ಬೈಕನ್ನು ಮೊದಲು ಕೊಡಿಸಿ, ಎರಡು ವರ್ಷ ಅದನ್ನು ಚೆನ್ನಾಗಿ ಓಡಿಸಿದ ಮೇಲೆ 350ರ ಮಾತು ಎತ್ತಲಿ.

ಬೈಕಿಗಿಂತ ಮೊದಲು ಹೆಲ್ಮೆಟ್ ಮನೆಗೆ ಬರಲಿ. ಸರಿಯಾಗಿ ಧರಿಸಿದ ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಗೆ ಗಾಯವಾಗುವ ಸಂಭವವನ್ನು ಶೇ. 69ರಷ್ಟು ಕಡಿಮೆ ಮಾಡುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. ಹಾಕಿಕೊಂಡು ತಲೆಯನ್ನು ಅತ್ತಿತ್ತ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಕೆನ್ನೆಯ ಮೇಲೆ ಜಾರಬಾರದು. ಗದ್ದದ ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದ ಕ್ಷಣದಲ್ಲೇ ತಲೆ ಬಿಟ್ಟು ಹಾರುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಗೀರಷ್ಟೇ ಕಂಡರೂ ಒಳಗಿನ ಥರ್ಮಾಕೋಲ್ ಪದರ ಒತ್ತಿಹೋಗಿರುತ್ತದೆ, ಅದನ್ನು ಮತ್ತೆ ಬಳಸಬಾರದು. ಇನ್ನು ಮೊದಲ ಕಬ್ಬಿನ ಹಂಗಾಮು ಮುಗಿಯುವವರೆಗೆ ಕತ್ತಲಾದ ಮೇಲೆ ಊರ ಹೊರಗೆ ಬೈಕ್ ಒಯ್ಯುವುದಿಲ್ಲ ಎಂಬ ಮಾತನ್ನು ಮಗನಿಂದ ಪಡೆಯಿರಿ. ಕಾರಣ ಮುಂದಿನ ಉತ್ತರದಲ್ಲಿದೆ; ಅದನ್ನು ಅವನಿಗೂ ಓದಲು ಕೊಡಿ.

ಪ್ರಶ್ನೆ: ನಾನು ಗೋಕಾಕದಲ್ಲಿ ಸಂಜೆಯ ಟ್ಯೂಷನ್ ಮುಗಿಸಿ ರಾತ್ರಿ 8 ಗಂಟೆಯ ನಂತರ ಘಟಪ್ರಭಾ ಕಡೆಯ ನಮ್ಮ ಹಳ್ಳಿಗೆ ಬೈಕಿನಲ್ಲಿ ಮರಳುತ್ತೇನೆ. ಕಬ್ಬಿನ ಟ್ರ್ಯಾಕ್ಟರುಗಳು ತೀರಾ ಹತ್ತಿರ ಬಂದ ಮೇಲೆ ಕಾಣುತ್ತವೆ. ಹೇಗೆ ಓಡಿಸಬೇಕು? (ಶಿಕ್ಷಕರೊಬ್ಬರು, ಗೋಕಾಕ ತಾಲ್ಲೂಕು)

ಉತ್ತರ: ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಾರ್ಖಾನೆಗಳು ಕಬ್ಬು ನುರಿಸುವ ಅಷ್ಟೂ ತಿಂಗಳು ಬೈಕ್ ಸವಾರರ ಅತಿ ದೊಡ್ಡ ಅಪಾಯ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಟ್ರೇಲರಿನ ಹಿಂದಿನ ದೀಪಗಳು ಇದ್ದರೂ ಇಳಿಬಿದ್ದ ಕಬ್ಬಿನ ಸೋಗೆ ಅವನ್ನು ಮುಚ್ಚುತ್ತದೆ. ಎಷ್ಟೋ ಕಡೆ ಟ್ರ್ಯಾಕ್ಟರಿನಿಂದ ಟ್ರೇಲರಿಗೆ ಬರುವ ವೈರ್ ಕಿತ್ತುಹೋಗಿರುತ್ತದೆ. ಒಣ ಸೋಗೆ ರಿಫ್ಲೆಕ್ಟರಿನಂತೆ ಬೆಳಕನ್ನು ಹಿಂದಿರುಗಿಸುವುದಿಲ್ಲ. ಎದುರಿನಿಂದ ಹೈಬೀಮ್ ಹಾಕಿದ ವಾಹನ ಬಂದರಂತೂ ಅದರ ಬೆಳಕಿನ ಹಿಂದೆ ಟ್ರೇಲರ್ ಇದೆಯೆಂಬುದೇ ತಿಳಿಯದು.

ಲೆಕ್ಕ ಹಾಕಿ ನೋಡಿ. 60 ಕಿಲೊಮೀಟರ್ ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ ಕೈ ಬ್ರೇಕ್ ಹಿಡಿಯಲು ರಾತ್ರಿಯಲ್ಲಿ ಒಂದೂವರೆ ಸೆಕೆಂಡ್ ಬೇಕೆಂದರೆ 25 ಮೀಟರ್ ಅಲ್ಲೇ ಹೋಯಿತು. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಒಳ್ಳೆಯ ರಸ್ತೆಯಲ್ಲೂ ಇನ್ನೊಂದು 24 ಮೀಟರ್ ಬೇಕು. ಒಟ್ಟು ಸುಮಾರು 50 ಮೀಟರ್. ಡಿಪ್ ಬೆಳಕಿನಲ್ಲಿ, ಅಂದರೆ ದೀಪವನ್ನು ತಗ್ಗಿಸಿದಾಗ, ಸಾಧಾರಣ ಬೈಕಿಗೆ ಅಷ್ಟು ದೂರ ಸ್ಪಷ್ಟವಾಗಿ ಕಾಣುವುದು ಕಷ್ಟ. ಅದೇ 40 ಕಿಲೊಮೀಟರ್ ವೇಗದಲ್ಲಿ ಈ ಎರಡೂ ಸೇರಿ 27 ಮೀಟರಿನಲ್ಲಿ ಮುಗಿಯುತ್ತದೆ. ಆದ್ದರಿಂದ ಹಂಗಾಮಿನ ರಾತ್ರಿಗಳಲ್ಲಿ ರಸ್ತೆ ಎಷ್ಟೇ ಚೆನ್ನಾಗಿದ್ದರೂ 40 ದಾಟಬೇಡಿ. ಎದುರಿನ ಬೆಳಕು ಕಣ್ಣಿಗೆ ಹೊಡೆದಾಗ ಅದನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ದೃಷ್ಟಿಯಿಟ್ಟು ವೇಗವನ್ನು ಇನ್ನೂ ಇಳಿಸಿ. ಹೆಲ್ಮೆಟ್ಟಿನ ಮುಖದ ಗಾಜು, ಅಂದರೆ ವೈಸರ್, ರಾತ್ರಿ ಬಣ್ಣದ್ದು ಬೇಡವೇ ಬೇಡ. ಗೀರು ಬಿದ್ದ ಬಿಳಿ ವೈಸರನ್ನೂ ಬದಲಿಸಿ, ಒಂದೊಂದು ಗೀರೂ ಎದುರಿನ ಬೆಳಕನ್ನು ಚದುರಿಸಿ ಕಣ್ಣು ಕಟ್ಟುತ್ತದೆ.

ಪಂಕ್ಚರ್ ಆಗಿಯೋ ಅಚ್ಚು ಮುರಿದೋ ನಿಂತ ಟ್ರೇಲರಿನ ಹಿಂದೆ ಚಾಲಕರು ನಾಲ್ಕು ಕಲ್ಲು ಇಟ್ಟು, ಮೇಲೊಂದು ಸೋಗೆಯ ಕಟ್ಟು ನಿಲ್ಲಿಸುತ್ತಾರೆ. ಟ್ರೇಲರ್ ಹೊರಟುಹೋದ ಮೇಲೆ ಆ ಕಲ್ಲುಗಳು ಅಲ್ಲೇ ಉಳಿಯುತ್ತವೆ. ಟ್ರೇಲರಿಗೆ ಗುದ್ದದೆ ಪಾರಾದವನು ಈ ಕಲ್ಲಿಗೆ ಬೀಳುತ್ತಾನೆ. ಹಾದಿಯಲ್ಲಿ ಇಂಥ ಕಲ್ಲು ಕಂಡರೆ ಬೈಕನ್ನು ಬದಿಗೆ ನಿಲ್ಲಿಸಿ ಅವನ್ನು ಸರಿಸಿ ಹೋಗಿ ಎಂದು ಎಲ್ಲ ಓದುಗರನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ. ರಸ್ತೆಗೆ ಬಿದ್ದ ಕಬ್ಬಿನ ಗಳ ಗಾಲಿಯ ಕೆಳಗೆ ಉರುಳುತ್ತದೆ. ಅದರ ಮೇಲೆ ಹಾಯುವುದು ಅನಿವಾರ್ಯವಾದರೆ ಹ್ಯಾಂಡಲ್ ನೇರವಾಗಿರಲಿ, ಬ್ರೇಕ್ ಹಿಡಿಯಬೇಡಿ. ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರಿನ ಗಾಲಿಗಳು ಡಾಂಬರಿನ ಮೇಲೆ ಬಿಟ್ಟುಹೋದ ಎರೆಮಣ್ಣು ಇಬ್ಬನಿಗೆ ನೆನೆದರೂ ಸಾಕು, ಗಾಲಿ ಜಾರುತ್ತದೆ. ವಿಜಯಪುರದ ಕಡೆಯ ಓದುಗರಿಗೆ ಕಬ್ಬಿನ ಜೊತೆಗೆ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ತೊಗರಿ, ಜೋಳ, ಹುರುಳಿಯ ಕಾಟವಿದೆ. ಅಲ್ಲಿಯೂ ಇದೇ ಕ್ರಮ.

ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಸ್ಸಿಗಿಂತ ಉದ್ದ, ಹಿಂದಿನ ಟ್ರೇಲರ್ ಬಲಕ್ಕೂ ಎಡಕ್ಕೂ ತೂಗಾಡುತ್ತಿರುತ್ತದೆ. ಮುಂದಿನ ರಸ್ತೆ ಪೂರ್ತಿ ಖಾಲಿ ಕಾಣದೆ ಅದನ್ನು ಹಿಂದೆ ಹಾಕಬೇಡಿ. ಟ್ರ್ಯಾಕ್ಟರ್ ಇಟ್ಟುಕೊಂಡ ರೈತ ಬಂಧುಗಳು ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಕಬ್ಬು ಹೇರಿದ ಮೇಲೆ ಅದು ಕಾಣುವಂತೆ ಸೋಗೆ ಸವರಿಬಿಟ್ಟರೆ ಸಾಕು, ಆ ಪಟ್ಟಿಗೆ ವೈರೂ ಬೇಡ, ಬ್ಯಾಟರಿಯೂ ಬೇಡ. ರಾತ್ರಿ ಆ ರಸ್ತೆಯಲ್ಲಿ ಬರುವವರು ಅವರದೇ ಊರಿನ ಮಕ್ಕಳು.

ಪ್ರಶ್ನೆ: ಕೊಲ್ಹಾಪುರದಲ್ಲಿ ಎಂಎಚ್ 09 ನೋಂದಣಿಯ ಹಳೆಯ ಬೈಕ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ? (ಓದುಗರು, ನಿಪ್ಪಾಣಿ)

ಉತ್ತರ: ತೆಗೆದುಕೊಳ್ಳಬಹುದು, ಆದರೆ ಅಗ್ಗದ ಬೆಲೆಗೆ ಕರ್ನಾಟಕದ ಆಜೀವ ತೆರಿಗೆಯನ್ನು ಕೂಡಿಸಿ ನೋಡಿ. ಅಲ್ಲಿಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ತೀರಿರಬೇಕು, 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಮಾರಿದವರ ಹೆಸರಲ್ಲೇ ಆರ್‌ಸಿ ಇಟ್ಟುಕೊಂಡು ಓಡಾಡುವ ರೂಢಿ ಗಡಿಭಾಗದಲ್ಲಿ ಬಹಳವಿದೆ, ಅದನ್ನು ನಾವು ಒಪ್ಪುವುದಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಹೊಸ ಟೈರಿನ ಬೆಲೆಯನ್ನೂ ಚೌಕಾಶಿಯಲ್ಲಿ ಸೇರಿಸಿ.

ಪ್ರಶ್ನೆ: ಗಂಡನ ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ, ಮಡಿಲಲ್ಲಿ ಮೂರು ವರ್ಷದ ಮಗುವನ್ನಿಟ್ಟುಕೊಂಡು ಕೂರುತ್ತೇನೆ. ಇದು ಅಪಾಯವೇ? ನಾನೇ ಬೈಕ್ ಕಲಿಯಬೇಕೆಂಬ ಆಸೆಯೂ ಇದೆ. (ಓದುಗರು, ವಿಜಯಪುರ)

ಉತ್ತರ: ಅಪಾಯವೇ. ಒಂದೇ ಕಡೆ ಕೂತವರಿಗೆ ಹಠಾತ್ ಬ್ರೇಕಿನಲ್ಲಿ ಹಿಡಿತ ಸಿಗದು, ಮಗುವನ್ನು ಅಪ್ಪಿದ ಕೈ ಬೈಕನ್ನು ಹಿಡಿಯಲಾರದು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ಟನ್ನೂ, ಸವಾರನಿಗೆ ಜೋಡಿಸುವ ಸುರಕ್ಷತಾ ಪಟ್ಟಿಯನ್ನೂ 2023ರ ಫೆಬ್ರುವರಿಯಿಂದ ನಿಯಮ ಕಡ್ಡಾಯ ಮಾಡಿದೆ; ಮಗುವಿದ್ದಾಗ ವೇಗ 40 ಕಿಲೊಮೀಟರ್ ಮೀರಬಾರದೆಂದೂ ಹೇಳಿದೆ. ಹಿಂದಿನ ಗಾಲಿಗೆ ಸೀರೆ ಸಿಕ್ಕದಂತೆ ತಡೆಯುವ ಗಾರ್ಡನ್ನು ಅಂದಕ್ಕೆಂದು ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳಿ. ಚೂಡಿದಾರ್ ತೊಟ್ಟು ಎರಡೂ ಕಡೆ ಕಾಲು ಹಾಕಿ ಕೂರುವುದು ಎಲ್ಲಕ್ಕಿಂತ ಒಳ್ಳೆಯದು.

ಕಲಿಯುವ ಆಸೆಯನ್ನು ಖಂಡಿತ ಬಿಡಬೇಡಿ. ಕಲಿಕಾ ಪರವಾನಗಿಯ ಅವಧಿ ಆರು ತಿಂಗಳು. ಅದು ಕೈಗೆ ಬಂದು 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಬಿಸಿಲೇರುವ ಮೊದಲು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ, ಮುಂದಿನ ಬ್ರೇಕನ್ನು ಹದವಾಗಿ ಹಿಂಡುವುದನ್ನು ಮೊದಲು ಕಲಿಯಿರಿ; ಬೈಕನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಅದರಲ್ಲೇ ಇದೆ. ಅರ್ಜಿ ಹಾಕುವಾಗ ಗೇರ್ ಇರುವ ವಾಹನದ ವರ್ಗವನ್ನೇ ಆರಿಸಿಕೊಳ್ಳಿ: ಆ ಪರವಾನಗಿಯಲ್ಲಿ ಸ್ಕೂಟರನ್ನೂ ಓಡಿಸಬಹುದು, ಗೇರ್ ಇಲ್ಲದ ವರ್ಗದ ಪರವಾನಗಿಯಲ್ಲಿ ಬೈಕ್ ಓಡಿಸುವಂತಿಲ್ಲ.