ನೆಲದಡಿಯ ಬೆಂಕಿ, ಕಂಚಿನ ಹಂಡೆ

ಪ್ರಶ್ನೆ: ನಮ್ಮ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಕಾಯಿಸುವ ಹಂಡೆಯ ನೀರು ಒಂದು ಮನೆಗಷ್ಟೇ ಸಾಲುತ್ತದೆ. ಪ್ರಾಚೀನ ರೋಮನ್ನರು ಊರಿಗೆಲ್ಲ ಬಿಸಿನೀರು ಒದಗಿಸುತ್ತಿದ್ದುದು ಹೇಗೆ? ಆ ನೀರು ಶುದ್ಧವಾಗಿರುತ್ತಿತ್ತೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅವರ ಸಾರ್ವಜನಿಕ ಸ್ನಾನಗೃಹಗಳಲ್ಲಿಯೂ ಹಂಡೆಯೇ ಇತ್ತು ಎಂದರೆ ತಮಗೆ ಸಂತೋಷವಾದೀತು. ಕುಲುಮೆಯ ಮೇಲೆ ಬಿಸಿ, ಉಗುರುಬೆಚ್ಚಗೆ ಮತ್ತು ತಣ್ಣೀರಿಗೆಂದು ಮೂರು ಕಂಚಿನ ಹಂಡೆಗಳನ್ನು ಕೂರಿಸಬೇಕೆಂದೂ, ಬಿಸಿ ಹಂಡೆಯಿಂದ ಖರ್ಚಾದಷ್ಟು ನೀರು ಬೆಚ್ಚಗಿನ ಹಂಡೆಯಿಂದ, ಅದಕ್ಕೆ ತಣ್ಣೀರಿನ ಹಂಡೆಯಿಂದ ತಾನಾಗಿ ತುಂಬಿಕೊಳ್ಳುವಂತಿರಬೇಕೆಂದೂ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟಿದ್ದಾನೆ. ಇಂದಿನ ಪೋರ್ಚುಗಲ್‌ನ ವಿಪಾಸ್ಕಾ ಎಂಬ ಗಣಿಯೂರಿನಲ್ಲಿ ದೊರೆತ ಕಂಚಿನ ಶಾಸನವಂತೂ, ಸ್ನಾನಗೃಹದ ಗುತ್ತಿಗೆದಾರನು ಮೂವತ್ತು ದಿನಕ್ಕೊಮ್ಮೆ ಹಂಡೆಗಳನ್ನು ತೊಳೆದು, ಒರೆಸಿ, ಹೊಸ ಕೊಬ್ಬು ಸವರತಕ್ಕದ್ದೆಂದು ಕಟ್ಟುನಿಟ್ಟಾಗಿ ವಿಧಿಸುತ್ತದೆ. ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿದವರಿಗೆ ಆ ಶ್ರಮ ಎಂಥದೆಂದು ಬೇರೆ ಹೇಳಬೇಕಿಲ್ಲ.

ಆದರೆ ರೋಮನ್ನರ ನಿಜವಾದ ಜಾಣ್ಮೆಯಿರುವುದು ಹಂಡೆಯಲ್ಲಲ್ಲ, ನೆಲದಲ್ಲಿ. ಕೋಣೆಯ ನೆಲವನ್ನು ಸುಮಾರು ಎರಡಡಿ ಎತ್ತರದ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಹೊರಗಿನ ಕುಲುಮೆಯ ಬಿಸಿಗಾಳಿಯನ್ನು ಆ ಪೊಳ್ಳಿನೊಳಗೆ ಹರಿಯಬಿಟ್ಟು, ಅಲ್ಲಿಂದ ಗೋಡೆಯೊಳಗಿನ ಟೊಳ್ಳು ಹೆಂಚುಗಳ ಮೂಲಕ ಮೇಲಕ್ಕೆ ಏರಿಸುತ್ತಿದ್ದರು. ಹೀಗೆ ನೀರಿನೊಂದಿಗೆ ಕೋಣೆಯೇ ಕಾಯುತ್ತಿತ್ತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹುದುಗಿದ ಪೊಂಪೇಯಿ ಪಟ್ಟಣದ ಸ್ನಾನಗೃಹಗಳಲ್ಲಿ ಈ ಏರ್ಪಾಡನ್ನು ಈಗಲೂ ಕಾಣಬಹುದು. ಸೌದೆಯೊಟ್ಟುವ ದುಡಿಮೆ ಬಹುಮಟ್ಟಿಗೆ ಗುಲಾಮರ ಪಾಲಿಗಿತ್ತೆಂಬುದನ್ನು ಮಾತ್ರ ಈ ವೈಭವದ ನಡುವೆ ಮರೆಯಲಾಗದು.

ಶುದ್ಧತೆಯ ವಿಷಯದಲ್ಲಿ ನನಗೆ ನಮ್ಮ ಬಚ್ಚಲೇ ಮೇಲೆನಿಸುತ್ತದೆ. ಅವರೂ ಮೈಗೆ ಎಣ್ಣೆ ಹಚ್ಚುತ್ತಿದ್ದರು. ಆದರೆ ಸೀಗೆಪುಡಿಯಿಂದ ತಿಕ್ಕಿ ತೆಗೆಯುವ ಬದಲು ಕುಡುಗೋಲಿನಂತೆ ಬಾಗಿದ ಲೋಹದ ಸಾಧನದಿಂದ ಎಣ್ಣೆಯನ್ನೂ ಕೊಳೆಯನ್ನೂ ಹೆರೆದು, ಬಳಿಕ ಹತ್ತಾರು ಜನರೊಡನೆ ಒಂದೇ ಕೊಳಕ್ಕೆ ಇಳಿಯುತ್ತಿದ್ದರು. ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಂಡ ನೀರು ಮೈಯಿಂದ ಇಳಿದು ಹರಿದುಹೋಗುತ್ತದೆ. ಕೊಳದ ನೀರು ಹಾಗಲ್ಲ. ಸ್ನಾನವೆಂದರೆ ಎಣ್ಣೆ, ಬೆವರು, ಕೊಳಕು, ಜಿಡ್ಡುನೀರು ಎಂದು ಚಕ್ರವರ್ತಿ ಮಾರ್ಕಸ್ ಅರೇಲಿಯಸನೇ ಬರೆದಿದ್ದಾನೆ. ರೋಗಿಗಳಿಗೆ ಸ್ನಾನವನ್ನು ಚಿಕಿತ್ಸೆಯಾಗಿ ಹೇಳುತ್ತಿದ್ದ ಸೆಲ್ಸಸ್ ಎಂಬ ವೈದ್ಯ ಲೇಖಕ ಕೂಡ, ಗಾಯ ಇನ್ನೂ ಮಾಯದಿರುವಾಗ ಸ್ನಾನಗೃಹಕ್ಕೆ ಹೋದರೆ ಅದು ಒದ್ದೆಯಾಗಿ ಕೊಳೆತು ಹೋಗುವ ಅಪಾಯವಿದೆಯೆಂದು ಎಚ್ಚರಿಸಿದ್ದನು.